ತಮ್ಮನಿಗೆ ಜ್ವರ ತರಿಸಲು ಹೋದದ್ದು

ನಮ್ಮ ಮನೆಯಲ್ಲಿ ವಿದೇಶ ನೋಡಿದವಳು ನನ್ನ ವಾರಗಿತ್ತಿ ಒಬ್ಬಳೇ. ಸಿಂಗಪುರದಲ್ಲಿ ನಾಲ್ಕು ದಿನ ಇದ್ದು ಬಂದವಳು ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದಾಳೆ. ನಾನು ಹೋದದ್ದು ಕೇರಳಕ್ಕೆ. ಆದರೆ ಒಂದು ಬೋರ್ಡೂ ಓದಲಾಗದ, ಮಾತು ಅರ್ಧ ತಿಳಿದಂತಾಗಿ ಪೂರ್ತಿ ತಪ್ಪಾಗುವ, ನೀರು ಕೇಳಿದರೆ ಕೆಂಪಗಿನ ಬಿಸಿನೀರು ತಂದಿಡುವ ಜಾಗವನ್ನು ವಿದೇಶ ಅನ್ನದೆ ಏನನ್ನಲಿ? ಸಿಂಗಪುರದಲ್ಲಿ ಇಂಗ್ಲಿಷಾದರೂ ನಡೆಯುತ್ತದಂತೆ.

ಊರು ನೋಡಲು ಹೋದದ್ದಲ್ಲ. ಕೊಚ್ಚಿಯ ಒಂದು ಬ್ಯಾಂಕಿನಲ್ಲಿರುವ ನನ್ನ ತಮ್ಮನಿಗೆ ಎಚ್‌ಐವಿ ಇದೆ. ಇದನ್ನು ಬರೆ ಎಂದವನು ಅವನೇ. ‘ಮೋಹನ ಅಂತ ಇಡು, ನಮ್ಮ ಬ್ಯಾಂಕಲ್ಲಿ ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ’ ಅಂದ. ಹೇಗೆ ಬಂತು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅವನು ಹೇಳಿಲ್ಲ, ನಾನು ಕೇಳಿಲ್ಲ. ಈ ಜಗತ್ತಿನಲ್ಲಿ ನಾನು ಕೇಳದೆ ಉಳಿಸಿದ ಪ್ರಶ್ನೆ ಅದೊಂದೇ.

ಮೂರು ವರ್ಷದಿಂದ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಮಾತ್ರೆ. ಅದೇ ಅವನನ್ನು ಹಾಸಿಗೆಯಿಂದ ಎಬ್ಬಿಸಿ ಮತ್ತೆ ಬ್ಯಾಂಕಿಗೆ ಕಳಿಸಿತ್ತು. ಆದರೆ ಒಂದೂವರೆ ವರ್ಷದಿಂದ ಅಂಗಾಲು ಉರಿ. ಕೆಂಡದ ಮೇಲೆ ನಿಂತ ಹಾಗೆ ಅನ್ನುತ್ತಿದ್ದ. ಕೊನೆಗೆ ಒಂದು ದಿನ ಫೋನಿನಲ್ಲಿ, ‘ಅಕ್ಕ, ಈ ಮಾತ್ರೆ ಇನ್ನು ನನ್ನ ಕೈಲಾಗಲ್ಲ’ ಅಂದ.

ಅದೇ ವಾರ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಒಂದು ಲೇಖನ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು, ಹೊರಗಿನಿಂದ ಕಾಂತ, ಕಣಗಳಿಗೆ ಕಾವು, ಕಾವಿಗೆ ವೈರಸ್ಸು ಶರಣು. ತಲೆಬರಹದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದನ್ನು ಅಲಂಕಾರಕ್ಕೆ ಹಾಕಿದ್ದಾರೆ ಎಂದುಕೊಂಡೆ. ಕೆಲಸ ನಡೆಯುವ ಜಾಗಗಳಲ್ಲಿ ತಿರುವನಂತಪುರವೂ ಒಂದು. ಅಲ್ಲಿನ ವಿಜ್ಞಾನಿ ಡಾ. ವೀಣಾ, ಮೂಲತಃ ಕಾಸರಗೋಡಿನವರು ಎಂದಿತ್ತು. ಕಾಸರಗೋಡು ಅಂದರೆ ಕನ್ನಡ ಬಂದೀತು. ಕನ್ನಡ ಬಂದರೆ ಇಲ್ಲ ಅನ್ನಲಾರರು. ಇದು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳ ತರ್ಕ.

ವೈಟ್ಟಿಲ

ತುಮಕೂರಿನಿಂದ ಬೆಂಗಳೂರು, ಅಲ್ಲಿಂದ ಕೊಚ್ಚಿ. ಬಸ್ಸು ಬೆಳಿಗ್ಗೆ ನನ್ನನ್ನು ವೈಟ್ಟಿಲದಲ್ಲಿ ಇಳಿಸಿತು. ಇಳಿಸಿತು ಅನ್ನುವುದಕ್ಕಿಂತ ಬಿಸಾಕಿತು ಅನ್ನಬೇಕು. ರಸ್ತೆಗಳೆಲ್ಲ ಬಂದು ಜಗಳಕ್ಕೆ ಬಿದ್ದ ಜಾಗ ಅದು. ಎಲ್ಲ ದಿಕ್ಕಿನಿಂದಲೂ ಬಸ್ಸು, ಯಾವುದೂ ನಿಲ್ಲುವುದಿಲ್ಲ, ಸ್ವಲ್ಪ ನಿಧಾನ ಮಾಡಿ ಜನರನ್ನು ಉದುರಿಸಿಕೊಂಡು ಹೋಗುತ್ತದೆ. ನನ್ನ ಬಳಿ ಎರಡು ಬ್ಯಾಗು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಚಟ್ನಿಪುಡಿ, ಟಾರ್ಚು, ಟಾರ್ಚು ಕೆಟ್ಟರೆ ಇರಲಿ ಎಂದು ಇನ್ನೊಂದು ಟಾರ್ಚು, ಮೋಹನನ ಹಳೆಯ ರಕ್ತಪರೀಕ್ಷೆಗಳ ಜೆರಾಕ್ಸ್, ಆ ಜೆರಾಕ್ಸಿನ ಜೆರಾಕ್ಸ್.

‘ಅಕ್ಕ, ಈ ಕಡೆ’ ಎಂದು ಯಾರೋ ಕೂಗಿದರು. ತಿರುಗಿದರೆ ಮೋಹನ. ಇಸ್ತ್ರಿ ಮಾಡಿದ ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು, ಕಾಲಿಗೆ ನೀಲಿ ಬಾರಿನ ಹವಾಯಿ ಚಪ್ಪಲಿ.

‘ಬ್ಯಾಂಕಿಗೂ ಇದನ್ನೇ ಹಾಕ್ಕೊಂಡು ಹೋಗ್ತೀಯೇನೋ?’

‘ಶೂ ಹಾಕೋಕಾಗಲ್ಲ. ಉಗುರುಸುತ್ತು ಅಂತ ಹೇಳಿದ್ದೀನಿ.’

‘ಒಂದೂವರೆ ವರ್ಷದಿಂದ ಉಗುರುಸುತ್ತಾ?’

‘ಮ್ಯಾನೇಜರ್ ತುಂಬ ಒಳ್ಳೆಯವರು. ದಿನಾ ಬೆಳಿಗ್ಗೆ ಬೆರಳು ಯಾವುದು ಅಂತ ಕೇಳ್ತಾರೆ.’

ಹೋಟೆಲಿನಲ್ಲಿ ಪುಟ್ಟು ಮತ್ತು ಕಡಲೆ ತಿಂದೆವು. ಪುಟ್ಟು ಅಂದರೆ ಅಕ್ಕಿಹಿಟ್ಟನ್ನು ಕೊಳವೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದ್ದು. ಒಣಗಿದ್ದನ್ನು ನುಂಗಲು ನೀರು ಬೇಕು, ನೀರು ಕೇಳಿದರೆ ಅದೇ ಬಿಸಿ ಕೆಂಪುನೀರು. ‘ತಣ್ಣೀರು’ ಅಂದೆ. ಬಡಿಸುವವನು ನನ್ನ ಕಡೆ ಮರುಕದಿಂದ ನೋಡಿ ಇನ್ನೊಂದು ಲೋಟ ಬಿಸಿಯದ್ದೇ ತಂದ. ನಮ್ಮ ಕಡೆ ಇಂಥ ಬಣ್ಣದ ನೀರು ಕೊಟ್ಟರೆ ಟ್ಯಾಂಕ್ ತೊಳೆದಿಲ್ಲ ಎಂದು ಜಗಳವಾಗುತ್ತದೆ. ಇಲ್ಲಿ ಅದು ಮರದ ಚಕ್ಕೆ ಹಾಕಿ ಕುದಿಸಿದ ಆರೋಗ್ಯ.

ಮೋಹನ ಎರಡು ಸಲ ಹಾಕಿಸಿಕೊಂಡ. ‘ಒಂದು ವಾರದಿಂದ ಬಾಯಿಗೆ ರುಚಿ ಬಂದಿದೆ ಅಕ್ಕ. ವಾಕರಿಕೆ ಇಲ್ಲ’ ಅಂದ. ನಾನು ಬರುತ್ತೇನೆಂದ ಸಂತೋಷಕ್ಕೆ ಎಂದುಕೊಂಡು ಒಳಗೇ ಬೀಗಿದೆ. ಅದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ದಕ್ಷಿಣಕ್ಕೆ ಹೋಗುವ ರೈಲು

ಕೇರಳದವರಿಗೆ ಎದುರು ಸೀಟಿನವರ ಜಾತಕ ತಿಳಿಯದೆ ರೈಲು ಮುಂದೆ ಹೋಗುವುದಿಲ್ಲ. ಯಾವ ಊರು, ಏನು ಕೆಲಸ, ಮಕ್ಕಳೆಷ್ಟು, ತಮ್ಮನಿಗೇಕೆ ಮದುವೆಯಾಗಿಲ್ಲ. ಇಷ್ಟನ್ನು ಒಬ್ಬ ಹಿರಿಯರು ಆಲಪ್ಪುಳ ಬರುವುದರೊಳಗೆ ಮುಗಿಸಿದರು. ನಾನು ಉತ್ತರ ಕೊಡುವ ಮೊದಲೇ ಮೋಹನ ಮಲಯಾಳದಲ್ಲಿ ಸುಳ್ಳು ಹೇಳುತ್ತಿದ್ದ. ಅವನ ಮಲಯಾಳ ಅಷ್ಟು ಚೆನ್ನಾಗಿದೆ ಎಂದು ನನಗೆ ತಿಳಿದದ್ದೇ ಆಗ. ಸುಳ್ಳೂ ಅಷ್ಟೇ ಚೆನ್ನಾಗಿತ್ತು. ನನ್ನ ಕಣ್ಣಿನ ಆಪರೇಷನ್‌ಗೆ ಹೋಗುತ್ತಿದ್ದೇವಂತೆ. ತಿರುವನಂತಪುರದವರೆಗೂ ನಾನು ಕಣ್ಣು ಕಿರಿದು ಮಾಡಿಕೊಂಡು ಕೂರಬೇಕಾಯಿತು.

ಆ ವರ್ಷ ಕೇರಳದ ತುಂಬ ಜ್ವರ. ಬೋಗಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ‘ಪನಿ, ಪನಿ’.

‘ಪನಿ ಅಂದ್ರೆ ಜ್ವರ’ ಎಂದು ಮೋಹನ ಹೇಳಿಕೊಟ್ಟ. ‘ಕನ್ನಡದಲ್ಲಿ ಪನಿ ಅಂದ್ರೆ ಇಬ್ಬನಿ ಅಲ್ವಾ? ಇಲ್ಲಿ ಜ್ವರ.’

ನಾನು ತಕ್ಷಣ ಬಾಯಿಪಾಠ ಮಾಡಿದೆ. ನಾವು ಹೋಗುತ್ತಿರುವುದೇ ಕಾವಿನ ಚಿಕಿತ್ಸೆಗೆ. ವೈರಸ್ಸಿಗೆ ಬೇಕಾದದ್ದೇ ಜ್ವರ. ಇದಕ್ಕಿಂತ ಉಪಯೋಗದ ಪದ ಇನ್ನಾವುದು?

ಗೇಟು

ಸಂಶೋಧನಾಲಯದ ಗೇಟಿನ ಎದುರು ಆಟೊ ನಿಂತಿತು. ಮೋಹನ ಆಟೊದವರ ಜೊತೆ ಮಾತಾಡುತ್ತಿದ್ದ. ನಾನು ಕಾಯುವ ಜಾತಿಯವಳಲ್ಲ, ನೇರವಾಗಿ ನುಗ್ಗಿದೆ. ಕಾವಲಿನವನು ಕೈ ಅಡ್ಡ ಹಿಡಿದು, ‘ಇವಿಡೆ ಎಂದಾ ಪಣಿ?’ ಅಂದ.

ಪನಿ. ಕಲಿತು ಇನ್ನೂ ಎರಡು ಗಂಟೆಯಾಗಿಲ್ಲ. ಜ್ವರ ಇರುವವರನ್ನು ಒಳಗೆ ಬಿಡುವುದಿಲ್ಲವೇನೋ ಎಂದು, ‘ಪನಿ ಇಲ್ಲ, ಪನಿ ಇಲ್ಲ’ ಅಂದೆ. ಹಣೆ ಮುಟ್ಟಿ ತೋರಿಸಿದೆ.

‘ಪಣಿ ಇಲ್ಲೆಂಗಿಲ್ ಪೊಯ್ಕೋ’ ಎಂದು ರಸ್ತೆ ತೋರಿಸಿದ. ಇಲ್ಲದಿದ್ದರೆ ಹೋಗಿ, ಎಂದು. ಜ್ವರ ಇಲ್ಲದವರನ್ನು ಕಳಿಸುತ್ತಾರೆಂದರೆ ಜ್ವರ ಬೇಕಾದವರನ್ನು ಒಳಗೆ ಬಿಡುತ್ತಾರೆ. ನಾನು ಕೈ ಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ‘ಪನಿ ವೇಣಂ. ತಮ್ಮನಿಗೆ ಪನಿ ವೇಣಂ’ ಅಂದೆ. ವೇಣಂ ಅಂದರೆ ಬೇಕು, ಅಷ್ಟು ನನಗೆ ಬರುತ್ತಿತ್ತು.

ಅವನ ಮುಖ ಮೃದುವಾಯಿತು. ಗೋಡೆಯ ಮೇಲಿದ್ದ ನೋಟೀಸ್ ಬೋರ್ಡಿನ ಹತ್ತಿರ ಕರೆದುಕೊಂಡು ಹೋಗಿ ಬೆರಳಿಟ್ಟು ಏನೇನೋ ವಿವರಿಸಿದ. ಅಷ್ಟರಲ್ಲಿ ಬಂದ ಮೋಹನ ಕೇಳಿಸಿಕೊಂಡು ಗೋಡೆಗೆ ಒರಗಿ ನಗತೊಡಗಿದ.

‘ಅಕ್ಕ, ಪನಿ ಅಂದ್ರೆ ಜ್ವರ. ಪಣಿ ಅಂದ್ರೆ ಕೆಲಸ. ಏನು ಕೆಲಸ ಅಂತ ಕೇಳಿದ್ದಾನೆ. ನೀನು ತಮ್ಮನಿಗೆ ಕೆಲಸ ಕೊಡಿಸು ಅಂದಿದ್ದೀಯ. ಈಗ ಖಾಲಿ ಇಲ್ಲವಂತೆ, ಇದ್ದಾಗ ಪೇಪರಲ್ಲಿ ಹಾಕ್ತಾರಂತೆ, ನೀವು ಅಳಬೇಡಿ ಅಂತಿದ್ದಾನೆ.’

ಮೋಹನ ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಒಂದೇ ಬಾಯಲ್ಲಿ ಹುಟ್ಟುವ ಎರಡು ಣ-ನ ಇಟ್ಟುಕೊಂಡು ಒಂದನ್ನು ಸಂಬಳಕ್ಕೂ ಇನ್ನೊಂದನ್ನು ಕಾಯಿಲೆಗೂ ಹಂಚಿದ ಭಾಷೆಯ ಮೇಲೆ ಸಿಟ್ಟು ಬಂತು. ಣ-ನ ತಪ್ಪಿದ ಮಕ್ಕಳಿಗೆ ನಾನು ಎಷ್ಟು ಸಲ ಬರೆಸಿದ್ದೇನೆಂಬುದು ಆಗ ನೆನಪಾಗಲಿಲ್ಲ.

ತಾಮ್ರದ ಸುರುಳಿ

ಡಾ. ವೀಣಾ ನನ್ನ ಮಗಳ ವಯಸ್ಸಿನವರು. ನಮ್ಮ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು. ‘ಮನೆಯಲ್ಲಿ ಮಕ್ಕಳತ್ರ ನಾನು ಕನ್ನಡ ಮಾತಾಡಿದ್ರೆ ಅವು ಮಲಯಾಳದಲ್ಲಿ ಉತ್ತರ ಕೊಡ್ತವೆ. ಕೂತ್ಕೊಳ್ಳಿ ಟೀಚರ್. ಎಂತ ವಿಷಯ ಹೇಳಿ’ ಅಂದರು.

ಹೇಳಿದೆ. ಕತ್ತರಿಸಿದ ಲೇಖನವನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಓದಿ ನಿಟ್ಟುಸಿರು ಬಿಟ್ಟರು. ಬೈಯಲಿಲ್ಲ. ಬದಲಿಗೆ ನಮ್ಮನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿ ತಾಮ್ರದ ಕೊಳವೆಯ ಒಂದು ಸುರುಳಿ, ಅದರ ನಡುವೆ ಹೆಬ್ಬೆರಳಿನಷ್ಟು ಗಾಜಿನ ಕೊಳವೆ, ಅದರಲ್ಲಿ ಕಾಡಿಗೆಯಂಥ ಕಪ್ಪು ನೀರು. ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಹಾಳೆಯ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಅಡಿಯಲ್ಲಿ ಕಾಂತ ಹಿಡಿದು ತೋರಿಸುತ್ತೇನಲ್ಲ, ಅದೇ ಪುಡಿಯನ್ನು ಊಹಿಸಲಾಗದಷ್ಟು ನುಣ್ಣಗೆ ಮಾಡಿದ್ದು. ವೀಣಾ ಸ್ವಿಚ್ ಹಾಕಿದರು. ಬೆಂಕಿಯಿಲ್ಲ, ಸದ್ದಿಲ್ಲ. ಪಕ್ಕದ ಪರದೆಯಲ್ಲಿ ಉಷ್ಣತೆ ಏರತೊಡಗಿತು. ಮೂವತ್ತೇಳು, ಮೂವತ್ತೊಂಬತ್ತು, ನಲವತ್ತೆರಡು. ಆಮೇಲೆ ಅದೇ ಸುರುಳಿಯಲ್ಲಿ ಬರಿಯ ನೀರಿಟ್ಟರು. ಅದು ಇದ್ದ ಹಾಗೇ ಇತ್ತು.

‘ಸುರುಳಿಯೊಳಗೆ ಕಾಂತದ ದಿಕ್ಕು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆಚೆ ಈಚೆ ಆಗ್ತದೆ. ಕಣಗಳು ಅದರ ಹಿಂದೆ ತಿರುಗ್ಲಿಕ್ಕೆ ಹೋಗಿ ಸುಸ್ತಾಗಿ ಬಿಸಿ ಆಗ್ತವೆ’ ಅಂದರು. ‘ಮಾತ್ರೆ ರಕ್ತದಲ್ಲಿರುವ ವೈರಸ್ಸನ್ನು ತಡೀತದೆ. ಆದ್ರೆ ಕೆಲವು ಜೀವಕೋಶದೊಳಗೆ ಅದು ನಿದ್ದೆ ಮಾಡಿಕೊಂಡು ಇರ್ತದೆ. ಅಲ್ಲಿಗೆ ಮಾತ್ರೆಯ ಕೈ ಹೋಗುದಿಲ್ಲ. ಆ ಕೋಶಗಳಿಗೆ ಮಾತ್ರ ಈ ಕಣ ಅಂಟಿಸಿ, ಅದಕ್ಕೆ ಮಾತ್ರ ಜ್ವರ ಬರಿಸಿದ್ರೆ ಹೇಗೆ ಅಂತ ನಮ್ಮ ಯೋಚನೆ.’

‘ಅಂದ್ರೆ ಇವುಗಳ ಪಣಿಯೇ ಪನಿ’ ಅಂದ ಮೋಹನ. ಅವರಿಬ್ಬರೂ ನಕ್ಕರು. ನಾನು ನಗಲಿಲ್ಲ.

‘ಹಾಗಾದ್ರೆ ಇವನಿಗೆ ಯಾವತ್ತು ಶುರು ಮಾಡ್ತೀರಿ?’

‘ಟೀಚರ್, ಇಲ್ಲಿ ವೈರಸ್ಸೇ ಇಲ್ಲ. ಅದನ್ನು ಇಡ್ಲಿಕ್ಕೆ ಬೇರೆ ತರದ ಲ್ಯಾಬ್ ಬೇಕು. ನಾವು ಬಟ್ಟಲಲ್ಲಿ ಬೆಳೆಸಿದ ಕೋಶಗಳಿಗೆ ಕಣ ಹಾಕಿ ನೋಡ್ತಿದ್ದೇವೆ ಅಷ್ಟೆ. ಮಲಗಿರುವ ಕೋಶ ಯಾವುದು ಅಂತ ಗುರುತು ಹಿಡೀಲಿಕ್ಕೇ ಇನ್ನೂ ಗೊತ್ತಿಲ್ಲ. ಮನುಷ್ಯರಿಗೆ ಬರ್ಲಿಕ್ಕೆ ಎಷ್ಟು ವರ್ಷ ಅಂತ ನಾನು ಹೇಳಿದ್ರೆ ಅದು ಸುಳ್ಳಾಗ್ತದೆ. ಬಂದ್ರೂ ಮಾತ್ರೆಯ ಜೊತೆಗೇ. ಮಾತ್ರೆಯ ಬದಲಿಗಲ್ಲ.’ ಮೋಹನನ ಕಡೆ ತಿರುಗಿದರು. ‘ಮಾತ್ರೆ ಸರಿಯಾಗಿ ತಗೊಳ್ತೀರಲ್ಲ?’

‘ಬಿಟ್ಟು ಹನ್ನೊಂದು ದಿನ ಆಯ್ತು.’

ವೀಣಾ ಸ್ವಿಚ್ ಆರಿಸಿದರು.

‘ಬಿಟ್ಟದ್ದಾ? ಯಾರು ಹೇಳಿದ್ದು?’

‘ಅಕ್ಕ.’

ನಾನು ಕೂಗಾಡಿದೆನಂತೆ. ನಾನ್ಯಾಕೆ ಹೇಳಲಿ, ದಿನಾ ಬೆಳಿಗ್ಗೆ ಫೋನ್ ಮಾಡಿ ತಗೊಂಡೆಯಾ ಎಂದು ಕೇಳುವವಳು ನಾನು, ಎಂದೆಲ್ಲ. ಮೋಹನ ಮೊಬೈಲು ತೆಗೆದು ತೋರಿಸಿದ. ಹನ್ನೊಂದು ದಿನದ ಹಿಂದೆ, ಲೇಖನ ಓದಿದ ಆವೇಶದಲ್ಲಿ ನಾನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕಳಿಸಿದ ಕನ್ನಡ: ‘ಮಾತ್ರೆ ಬಿಡು. ಬೇರೆ ಬಂದಿದೆ. ಬರ್ತೀನಿ.’

ಒಂದು ಅಕ್ಷರಕ್ಕೆ ಮೂರು ಸಲ ಗುಂಡಿ ಒತ್ತಬೇಕಾದ ಫೋನು ಅದು. ‘ಮಾತ್ರೆ ವಿಷಯ ಹಾಗಿರಲಿ ಬಿಡು, ಅದಕ್ಕೆ ಅಳಬೇಡ, ಬೇರೆ ಒಂದು ದಾರಿ ಬಂದಿದೆ’ ಎನ್ನಲು ಹೊರಟವಳು ಬೆರಳು ನೋವಿಗೆ ಮಧ್ಯದ್ದನ್ನೆಲ್ಲ ನುಂಗಿದ್ದೆ. ನಮ್ಮ ಕಡೆ ಬಿಡು ಅನ್ನದೆ ಮಾತು ಮುಗಿಯುತ್ತದೆಯೇ? ಹೋಗಲಿ ಬಿಡು, ಬರ್ತಾನೆ ಬಿಡು, ನಿನಗೇನಮ್ಮ ಬಿಡು. ಯಾರೂ ಏನನ್ನೂ ಬಿಡುವುದಿಲ್ಲ.

‘ದಿನಾ ಬೆಳಿಗ್ಗೆ ಫೋನಲ್ಲಿ ಕೇಳಿದಾಗ ಹೂಂ ಅಂತಿದ್ದೆಯಲ್ಲೋ.’

‘ನೀನು ಆಯ್ತಾ ಅಂತ ಕೇಳ್ತಿದ್ದೆ. ನಾನು ತಿಂಡಿ ಅಂದ್ಕೊಂಡೆ.’ ಮೊಬೈಲು ಜೇಬಿಗೆ ಹಾಕಿಕೊಂಡು ಅಂದ, ‘ಅನುಮಾನ ಬಂದಿತ್ತು ಅಕ್ಕ. ಆದ್ರೆ ಯಾರಾದ್ರೂ ಬಿಡು ಅನ್ನಲಿ ಅಂತ ಕಾಯ್ತಾ ಇದ್ದೆ. ನೀನೇ ಅಂದೆ. ಮತ್ತೆ ಕೇಳೋಕೆ ಹೋಗಲಿಲ್ಲ.’

ವೀಣಾ ಅಷ್ಟರಲ್ಲಿ ಕೈಚೀಲ ಹೆಗಲಿಗೆ ಹಾಕಿಕೊಂಡಿದ್ದರು. ‘ಹೀಗೆ ಮಧ್ಯ ನಿಲ್ಲಿಸಿದ್ರೆ ವೈರಸ್ಸು ಮಾತ್ರೆಯನ್ನು ಕಲ್ತುಬಿಡ್ತದೆ. ಆಮೇಲೆ ಅದೇ ಮಾತ್ರೆ ಕೆಲಸ ಮಾಡ್ಲಿಕ್ಕಿಲ್ಲ. ಏಳಿ, ಈಗಲೇ ಹೋಗುವ.’

ಉಳ್ಳೂರ್

ಉಳ್ಳೂರ್ ಬಳಿಯ ದೊಡ್ಡ ಆಸ್ಪತ್ರೆಗೆ ಆಟೊದಲ್ಲಿ ಮೂವರೂ ಹೋದೆವು. ದಾರಿಯಲ್ಲಿ ಒಂದು ಮೆರವಣಿಗೆ ಅಡ್ಡ ಬಂತು. ಕೇರಳದಲ್ಲಿ ಮೆರವಣಿಗೆ ಅಡ್ಡ ಬಂದರೆ ಯಾರೂ ಹಾರ್ನ್ ಮಾಡುವುದಿಲ್ಲ. ಆಟೊದವರು ಇಂಜಿನ್ ಆರಿಸಿ ಘೋಷಣೆಗೆ ತಲೆದೂಗುತ್ತ ಕೂತರು. ನನ್ನ ತಮ್ಮನ ರಕ್ತದಲ್ಲಿ ವೈರಸ್ಸು ಪಾಠ ಕಲಿಯುತ್ತಿದೆ, ಇವರು ತಲೆದೂಗುತ್ತಿದ್ದಾರೆ. ಇಳಿದು ನಡೆಯೋಣ ಅಂದೆ. ಮೋಹನ ತನ್ನ ಕಾಲು ನೋಡಿದ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವನು ಹೇಳಿದ, ‘ಅಕ್ಕ, ನಾನು ಮತ್ತೆ ಶುರು ಮಾಡಲ್ಲ. ಹನ್ನೊಂದು ದಿನ ಮನುಷ್ಯನ ಹಾಗೆ ಊಟ ಮಾಡಿದ್ದೀನಿ. ಕಾಲಿನ ಉರಿ ಹಾಗೇ ಇದೆ, ಆದ್ರೆ ಇವತ್ತಲ್ಲ ನಾಳೆ ಹೋಗುತ್ತೆ ಅಂತ ಒಂದು ಆಸೆ ಇದೆ. ಅದನ್ನೂ ಕಿತ್ತುಕೋಬೇಡ.’

ನನ್ನ ಬಳಿ ಬೈಗುಳವಿತ್ತು, ಅಮ್ಮನ ಹೆಸರಿತ್ತು, ಅಳುವಿತ್ತು. ಮೂರನ್ನೂ ಹಿಂದೆ ಬಳಸಿ ಸವೆಸಿಬಿಟ್ಟಿದ್ದೆ.

ಒಳಗೆ ನರೆಗೂದಲಿನ ಡಾಕ್ಟರು. ಮೋಹನನ ಚಿಕಿತ್ಸೆಯ ವಿವರ ಬರೆದಿಡುವ ಹಸಿರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಇಂಗ್ಲಿಷಿನಲ್ಲಿ ಕೇಳಿದರು, ‘ಕಾಲು ಉರಿ ಯಾವಾಗಿನಿಂದ?’

‘ಒಂದೂವರೆ ವರ್ಷ.’

‘ಇದರಲ್ಲಿ ಎಲ್ಲಿಯೂ ಇಲ್ಲವಲ್ಲ. ಯಾರಿಗೆ ಹೇಳಿದ್ದಿರಿ?’

‘ಅಕ್ಕನಿಗೆ.’

ಡಾಕ್ಟರು ನನ್ನ ಕಡೆ ತಿರುಗಿದರು. ‘ನೀವೇನು ಹೇಳಿದಿರಿ?’

‘ಅಂಗಾಲಿಗೆ ಹರಳೆಣ್ಣೆ ಹಚ್ಚು ಅಂದೆ’ ಅಂದೆ. ಇಂಗ್ಲಿಷಿನಲ್ಲಿ ಹೇಳಿದಾಗ ಅದು ಇನ್ನೂ ಪೆದ್ದಾಗಿ ಕೇಳಿಸಿತು.

ಪ್ರತಿ ತಿಂಗಳು ಎರ್ನಾಕುಳದ ಆಸ್ಪತ್ರೆಗೆ ಮಾತ್ರೆ ತರಲು ಹೋದಾಗ ಅಲ್ಲಿಯವರು ಏನಾದರೂ ತೊಂದರೆ ಇದೆಯಾ ಎಂದು ಕೇಳುತ್ತಿದ್ದರಂತೆ. ಇವನು ಪ್ರತಿ ತಿಂಗಳೂ ‘ಕುಳಪ್ಪಮಿಲ್ಲ’ ಅನ್ನುತ್ತಿದ್ದನಂತೆ. ತೊಂದರೆ ಇಲ್ಲ ಎಂದು ಅರ್ಥ. ಕೇರಳದಲ್ಲಿ ಮಳೆ ಬಿದ್ದರೂ, ಬಸ್ಸು ತಪ್ಪಿದರೂ ಜನ ಅನ್ನುವ ಮಾತು ಅದು. ಸಾಲಿನಲ್ಲಿ ಬ್ಯಾಂಕಿನ ಗಿರಾಕಿಗಳು ಯಾರಾದರೂ ನೋಡಿಬಿಟ್ಟರೆ ಎಂದು ಅವನಿಗೆ ಬೇಗ ಹೊರಗೆ ಬರುವ ಆತುರ. ತೊಂದರೆ ಇದೆ ಎಂದರೆ ಇನ್ನೂ ಅರ್ಧ ಗಂಟೆ ಕೂರಬೇಕಲ್ಲ.

‘ಆ ಉರಿ ನಿಮ್ಮ ಕಾಯಿಲೆಯದ್ದಲ್ಲ. ನೀವು ತೆಗೆದುಕೊಳ್ಳುತ್ತಿದ್ದ ಮೂರು ಔಷಧಿಯಲ್ಲಿ ಒಂದರದ್ದು. ಅದಕ್ಕೆ ಬದಲಿ ಇದೆ’ ಅಂದರು ಡಾಕ್ಟರು. ‘ಉರಿ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಹನ್ನೊಂದು ದಿನದಿಂದ ಏನು ಹಾಳಾಗಿದೆ ಎಂದೂ ಈಗ ಹೇಳಲಾಗದು. ಕೆಲವು ತಿಂಗಳು ನೋಡಬೇಕು.’ ರಕ್ತ ತೆಗೆಸಿದರು, ಎರ್ನಾಕುಳದವರಿಗೆ ಫೋನ್ ಮಾಡಿದರು, ಪುಸ್ತಕದಲ್ಲಿ ಬರೆದರು. ಮೋಹನ ಹೊಸ ಮಾತ್ರೆಯ ಪೊಟ್ಟಣ ಇಸಿದುಕೊಂಡು ಜೇಬಿಗೆ ಹಾಕಿ ‘ನೋಡೋಣ’ ಅಂದ.

ನೋಡೋಣ ಅಂದರೆ ನಮ್ಮ ಮನೆಯಲ್ಲಿ ಇಲ್ಲ ಎಂದರ್ಥ.

ಉತ್ತರಕ್ಕೆ ಹೋಗುವ ರೈಲು

ವೀಣಾ ಸ್ಟೇಷನ್ನಿಗೆ ಬಂದು ಬಾಳೆಹಣ್ಣಿನ ಪೊಟ್ಟಣ ಕೊಟ್ಟು ಹೋದರು. ನಾಲ್ಕು ಗಂಟೆಯ ರೈಲು. ಎದುರು ಸೀಟಿನಲ್ಲಿ ಚಿನ್ನದಂಚಿನ ಸೀರೆಯುಟ್ಟ ಒಬ್ಬ ಹೆಂಗಸು. ಮಾತಿಗೆ ಎಳೆದರು. ನಿವೃತ್ತ ಹೆಡ್‌ಮಿಸ್ಟ್ರೆಸ್ ಎಂದು ತಿಳಿದು, ಇಬ್ಬರೂ ಇಂಗ್ಲಿಷಿನಲ್ಲಿ ಉತ್ತರಪತ್ರಿಕೆ ತಿದ್ದುವ ಕಷ್ಟ ಹಂಚಿಕೊಂಡೆವು. ಒಳ್ಳೆಯವರು. ಅವರ ಹಲಸಿನ ಚಿಪ್ಸನ್ನು ಮೂವರೂ ತಿಂದೆವು.

ಮಾತ್ರೆಯ ಹೊತ್ತು, ಆರು ಗಂಟೆ ಆಗುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ತೆಂಗು, ನೀರು, ತೆಂಗು, ನೀರು.

‘ಏನೂ ಹೇಳಲ್ವಾ?’ ಅಂದ ಮೋಹನ.

‘ಇಲ್ಲ.’

‘ಮೈ ಸರಿ ಇಲ್ವಾ?’

‘ಸರಿ ಇದೆ.’

ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಜೇಬಿನಿಂದ ಪೊಟ್ಟಣ ತೆಗೆದು, ಮಾತ್ರೆಗಳನ್ನು ಅಂಗೈಗೆ ಒತ್ತಿಕೊಂಡ. ಎದುರಿನವರು ಕತ್ತು ಮುಂದೆ ಚಾಚಿ, ಇಷ್ಟೊಂದು ಮಾತ್ರೆ ಯಾತಕ್ಕೆ ಎಂದು ಕೇಳಿದರು. ‘ಗ್ಯಾಸ್’ ಎನ್ನಲು ನಾನು ಬಾಯಿ ತೆರೆದಿದ್ದೆ.

‘ಎಚ್‌ಐವಿಗೆ’ ಅಂದ ಮೋಹನ. ಮಲಯಾಳದಲ್ಲಿ ಇನ್ನೂ ಒಂದು ವಾಕ್ಯ ಸೇರಿಸಿದ. ಕಾಲು ತುಂಬ ಉರಿಯುತ್ತಿತ್ತು, ಅದಕ್ಕೆ ಇವತ್ತು ಬದಲಿಸಿದ್ದಾರೆ ಎಂದು. ಬಾಟಲಿ ಎತ್ತಿ ನೀರು ಕುಡಿದ. ಮಾತ್ರೆ ಗಂಟಲು ದಾಟುವುದನ್ನು ಕಣ್ಣಾರೆ ನೋಡಿದೆ.

ಆ ಹೆಂಗಸು ಚಿಪ್ಸಿನ ಪೊಟ್ಟಣ ನೋಡಿದರು, ತಮ್ಮ ಬೆರಳು ನೋಡಿಕೊಂಡರು. ಒಂದು ಸ್ಟೇಷನ್ ದಾಟಿತು. ಆಮೇಲೆ ಬ್ಯಾಗು ತೆಗೆದುಕೊಂಡು, ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಹೇಳಿ ಬೋಗಿಯ ಆ ತುದಿಗೆ ಹೋದರು. ಚಿಪ್ಸ್ ಅಲ್ಲೇ ಬಿಟ್ಟರು.

ನಾನು ಎದ್ದೆ. ಹೋಗಿ ಇಪ್ಪತ್ತಾರು ವರ್ಷದ ವಿಜ್ಞಾನವನ್ನೆಲ್ಲ ಅವರ ಮುಖಕ್ಕೆ ಹೇಳಿಬರುವವಳಿದ್ದೆ.

‘ಕೂತ್ಕೋ ಅಕ್ಕ’ ಎಂದು ಮೋಹನ ನನ್ನ ಸೆರಗು ಹಿಡಿದು ಕೂರಿಸಿದ. ಚಪ್ಪಲಿ ಕಳಚಿ, ಖಾಲಿಯಾದ ಸೀಟಿನ ಮೇಲೆ ಎರಡೂ ಕಾಲು ಚಾಚಿದ. ಕಿಟಕಿಯ ಗಾಳಿ ನೇರ ಅಂಗಾಲಿಗೆ ಬೀಸುತ್ತಿತ್ತು. ‘ಇಷ್ಟು ಜಾಗ ದುಡ್ಡು ಕೊಟ್ಟರೂ ಸಿಗಲ್ಲ’ ಅಂದ. ಐದು ನಿಮಿಷದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋದ. ಉರಿಗೆ ತಾನು ಒಂದು ಗಂಟೆ ಒಂದೇ ಸಮನೆ ಮಲಗಿ ತಿಂಗಳುಗಳಾದವು ಎಂದು ಆಸ್ಪತ್ರೆಯಲ್ಲಿ ಹೇಳಿದ್ದ.

ನಾನು ಇಳಿಯುವ ಊರಿಗೆ ಮೂರು ಸ್ಟೇಷನ್ ಮೊದಲೇ ಬ್ಯಾಗು ಹಿಡಿದು ಬಾಗಿಲಲ್ಲಿ ನಿಲ್ಲುವವಳು. ನನ್ನ ಜೊತೆ ಪ್ರಯಾಣ ಮಾಡಿದವರನ್ನು ಕೇಳಿ. ಕೊಚ್ಚಿಗೆಂದು ನಾವು ಇಳಿಯಬೇಕಾದ ಎರ್ನಾಕುಳದ ದೀಪಗಳು ಬಂದವು. ಬೋರ್ಡಿನಲ್ಲಿ ಕೆಳಗೆ ಇಂಗ್ಲಿಷಿನಲ್ಲೂ ಬರೆದಿದ್ದರಿಂದ ಓದಲು ಬಂತು. ಜನ ಇಳಿದರು, ಹತ್ತಿದರು. ಒಬ್ಬರು ಎದುರು ಸೀಟು ಖಾಲಿಯೇ ಎಂದು ಕೈಯಲ್ಲೇ ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ರೈಲು ಹೊರಟಿತು.

ಮುಂದಿನ ದೊಡ್ಡ ಸ್ಟೇಷನ್ ಆಲುವ. ಅಲ್ಲಿ ಇಳಿದು ಬಸ್ಸಿನಲ್ಲಿ ಹಿಂದಕ್ಕೆ ಬರಬೇಕು. ಎಚ್ಚರವಾದ ಮೇಲೆ ಅವನು ಬೈದಾನು. ಬೈಯಲಿ.